ಗಾಜಿನ ಕೌದಿ

“ನಾವು ಹೊಲಿಗೆಗೆ ಅರ್ಧ ಇಂಚು ಜಾಸ್ತಿ ಬಿಟ್ಟು ಕತ್ತರಿಸ್ತೀವಿ ಸರ. ನೀವೇನ್ರೀ, ಉಲ್ಟಾ ಕಮ್ಮಿ ಮಾಡಿ ಕತ್ತರಿಸಾಕತ್ತೀರಿ?”

ಕೌಲ್ ಬಜಾರಿನ ನಮ್ಮ ಓಣಿಯಲ್ಲಿ ಜೀನ್ಸ್ ಪ್ಯಾಂಟಿನ ಕಟಿಂಗ್ ಮಾಸ್ಟರ್ ಒಬ್ಬರಿದ್ದಾರೆ. ನಲವತ್ತು ಪದರ ಬಟ್ಟೆಯನ್ನು ಒಂದರ ಮೇಲೊಂದು ಹಾಸಿ ಒಂದೇ ಸಲಕ್ಕೆ ಕೊಯ್ಯುವ ಕೈ ಅವರದು. ನಾನು ಮನೆ ಮುಂದಿನ ಕಟ್ಟೆಯ ಮೇಲೆ ದಪ್ಪ ಕಾಗದದ ತುಂಡುಗಳಿಗೆ ನಂಬರು ಹಾಕುತ್ತ ಕೂತಿದ್ದೆ. ಪ್ಯಾಟರ್ನ್ ಕಂಡರೆ ಸುಮ್ಮನೆ ಹೋಗುವ ಜಾಯಮಾನ ಅವರದಲ್ಲ. ಬಂದು ಪಕ್ಕದಲ್ಲೇ ಕೂತರು. ನನ್ನ ಕತ್ತರಿ ಎತ್ತಿ ನೋಡಿದರು. ಅದಕ್ಕೆ ಎರಡಲ್ಲ, ಮೂರು ಅಲಗು. ಕಾಗದ ಕತ್ತರಿಸುವಾಗ ನಡುವಿನಿಂದ ನೂಲಿನಂಥ ಒಂದು ಎಳೆ ಕಾಗದ ಉದುರಿ ಬೀಳುತ್ತದೆ. ಅವರ ಪ್ರಶ್ನೆ ಆ ಎಳೆಯ ಬಗ್ಗೆ.

ಗಾಜಿನ ತುಂಡುಗಳನ್ನು ಕೂಡಿಸುವುದು ಸೀಸದ ಪಟ್ಟಿ. ಅಡ್ಡ ಕೊಯ್ದು ನೋಡಿದರೆ ಇಂಗ್ಲಿಷಿನ ‘ಎಚ್’ ಅಕ್ಷರವನ್ನು ಮಲಗಿಸಿಟ್ಟಂತೆ ಕಾಣುತ್ತದೆ. ಎರಡೂ ಬದಿಯ ತೋಡಿನಲ್ಲಿ ಒಂದೊಂದು ಗಾಜು ಕೂರುತ್ತದೆ. ಎರಡರ ನಡುವೆ ಸೀಸದ ಒಂದು ಗೋಡೆ ಉಳಿಯುತ್ತದೆ, ದಪ್ಪ ಒಂದೂವರೆ ಮಿಲಿಮೀಟರಿಗಿಂತ ತುಸು ಹೆಚ್ಚು. ಆ ಗೋಡೆಯ ಜಾಗವನ್ನು ಮೊದಲೇ ಕಳೆದಿಡದಿದ್ದರೆ, ಒಂದು ಸಾಲಿನಲ್ಲಿ ಹತ್ತು ತುಂಡು ಕೂಡಿಸುವ ಹೊತ್ತಿಗೆ ಕಿಟಕಿ ಒಂದೂವರೆ ಸೆಂಟಿಮೀಟರ್ ಬೆಳೆದುಬಿಡುತ್ತದೆ, ಚೌಕಟ್ಟಿನಲ್ಲಿ ಕೂರುವುದಿಲ್ಲ. ಬಟ್ಟೆಯಲ್ಲಿ ಹೊಲಿಗೆ ಒಳಕ್ಕೆ ಮಡಚಿಕೊಳ್ಳುತ್ತದೆ, ಅದಕ್ಕೇ ಮಾರ್ಜಿನ್ ಬಿಡಬೇಕು. ಗಾಜಿನಲ್ಲಿ ಹೊಲಿಗೆಯೇ ಜಾಗ ತಿನ್ನುತ್ತದೆ, ಅದಕ್ಕೇ ಕಳೆಯಬೇಕು. ಇಷ್ಟು ಹೇಳಿದ್ದಕ್ಕೆ ಮಾಸ್ಟರ್ ತಲೆಯಾಡಿಸಿ, “ಅಂದ್ರ ಇದು ಗಾಜಿನ ಕೌದಿ” ಎಂದು ಎದ್ದು ಹೋದರು.

ಈ ಕಸುಬಿಗೆ ಕನ್ನಡದಲ್ಲಿ ನೆಟ್ಟಗಿನ ಹೆಸರಿಲ್ಲ. ವರ್ಣಗಾಜು ಅಂತಾರೆ, ಚಿತ್ರಗಾಜು ಅಂತಾರೆ, ಹೆಚ್ಚಿನವರು ಸ್ಟೇನ್ಡ್ ಗ್ಲಾಸ್ ಅಂದು ಸುಮ್ಮನಾಗುತ್ತಾರೆ. ಮಾಸ್ಟರ್ ಇಟ್ಟ ಹೆಸರು ಇವೆಲ್ಲಕ್ಕಿಂತ ಮೇಲು. ಉಳಿದ ಹೆಸರುಗಳು ಬಣ್ಣವನ್ನು ಹೇಳುತ್ತವೆ, ಅವರ ಹೆಸರು ಜೋಡಣೆಯನ್ನು ಹೇಳುತ್ತದೆ. ಬಣ್ಣದ ಗಾಜು ನಮ್ಮಲ್ಲೂ ಇತ್ತಲ್ಲ. ಹಳೆಯ ಮನೆಗಳ ಬಾಗಿಲ ಮೇಲಿನ ಕಮಾನಿನಲ್ಲಿ ಕೆಂಪು, ಹಸಿರು, ನೀಲಿ, ಹಳದಿ ಗಾಜು ಕೂರಿಸಿದ್ದನ್ನು ಯಾರು ನೋಡಿಲ್ಲ? ಅಲ್ಲಿ ಕಟ್ಟಿಗೆಯ ಚೌಕಟ್ಟು ಮೊದಲು, ಗಾಜು ಆಮೇಲೆ. ಕೌದಿಯ ಲೆಕ್ಕ ಬೇರೆ. ತುಂಡುಗಳೇ ಒಂದನ್ನೊಂದು ಹಿಡಿದು ನಿಲ್ಲಬೇಕು.

ಕೌಲ್ ಬಜಾರಿನಲ್ಲಿ ಕೂತು ಇದನ್ನು ಮಾಡುವುದು ಅನೇಕರಿಗೆ ತಮಾಷೆಯಾಗಿ ಕಾಣುತ್ತದೆ. ನನಗೆ ಹಾಗನಿಸುವುದಿಲ್ಲ. ಕೌಲು ಅಂದರೆ ಕರಾರು, ಕೊಟ್ಟ ಮಾತಿನ ಪತ್ರ. 1800ರಲ್ಲಿ ನಿಜಾಮರಿಂದ ಈ ಸೀಮೆ ಕಂಪನಿ ಕೈಗೆ ಬಂದ ಮೇಲೆ ಬಳ್ಳಾರಿ ಮದರಾಸು ಪ್ರಾಂತ್ಯದ ದೊಡ್ಡ ದಂಡುಗಳಲ್ಲಿ ಒಂದಾಯಿತು. ದಂಡಿದ್ದಲ್ಲಿ ಚರ್ಚು, ದರ್ಜಿ, ಬಜಾರು ಮೂರೂ ಬರುತ್ತವೆ. ಸಿಪಾಯಿಗಳ ಸಮವಸ್ತ್ರ ಹೊಲಿದ ಕೈಗಳೇ ಮುಂದೆ ಜೀನ್ಸ್ ಹಿಡಿದವು ಎಂದು ಊರಲ್ಲಿ ಹೇಳುತ್ತಾರೆ. ಇವತ್ತು ನಮ್ಮ ಓಣಿಗಳಲ್ಲಿ ನಡೆದರೆ ಪ್ರತಿ ಮೂರನೇ ಮನೆಯಿಂದ ಹೊಲಿಗೆ ಯಂತ್ರದ ಸದ್ದು ಕೇಳುತ್ತದೆ, ಬಾಗಿಲಲ್ಲಿ ನೀಲಿ ಚಿಂದಿಯ ಗುಡ್ಡೆ. ನಮ್ಮಜ್ಜಿ ಕೊನೆಗಾಲಕ್ಕೆ ಹೊಲಿದ ಕೌದಿಯಲ್ಲಿ ಸೀರೆಗಿಂತ ಜೀನ್ಸ್ ಚಿಂದಿಯೇ ಹೆಚ್ಚಿತ್ತು. ಸೂಜಿ ಇಳಿಯೋದಿಲ್ಲ ಅಂತ ಬಯ್ಯುತ್ತಲೇ ಹೊಲಿದಳು. ಚಳಿಗಾಲಕ್ಕೆ ಅದರಷ್ಟು ಬೆಚ್ಚಗಿನದು ಇನ್ನೊಂದಿಲ್ಲ, ಭಾರವೂ ಅಷ್ಟೇ.

ಜೀನ್ಸಿನ ಗುಟ್ಟು ಕಿತ್ತಳೆ ದಾರ. ಬೇರೆ ಬಟ್ಟೆಯಲ್ಲಿ ಹೊಲಿಗೆಯನ್ನು ಮುಚ್ಚುತ್ತಾರೆ, ಇಲ್ಲಿ ಎದ್ದು ಕಾಣುವಂತೆ ಹಾಕುತ್ತಾರೆ. ಸೀಸದ ಗೆರೆಯೂ ಹಾಗೆಯೇ. ಹೊಸದಾಗಿ ಕಲಿಯುವವರು ಮೊದಲು ಚಿತ್ರ ಬರೆದು, ಆಮೇಲೆ ಅದರ ಮೇಲೆ ಅನಿವಾರ್ಯ ಪೀಡೆಯಂತೆ ಕಪ್ಪು ಗೆರೆ ಎಳೆಯುತ್ತಾರೆ. ನಾನೂ ಹಾಗೇ ಮಾಡಿದೆ. ನನ್ನ ಮೊದಲ ಫಲಕದಲ್ಲಿ ಒಂದು ಗಿಳಿ ಇತ್ತು, ಜೈಲಿನ ಸರಳ ಹಿಂದೆ ಕೂತ ಗಿಳಿಯಂತೆ ಕಾಣುತ್ತಿತ್ತು. ಎರಡನೆಯದಕ್ಕೆ ಬಳ್ಳಾರಿ ಗುಡ್ಡ ಆರಿಸಿಕೊಂಡೆ. ಒಂದರ ಮೇಲೊಂದು ಪೇರಿಸಿಟ್ಟ ಬಂಡೆಗಳು, ಬಂಡೆಗಳ ನಡುವೆ ಕಪ್ಪು ಬಿರುಕು. ಸೀಸ ಎಲ್ಲಿ ಹೋಗಬೇಕು ಎಂದು ಗುಡ್ಡವೇ ಹೇಳುತ್ತದೆ.

ಗಾಜನ್ನು ನಾವು ಕತ್ತರಿಸುವುದಿಲ್ಲ, ಗೀಚಿ ಮುರಿಯುತ್ತೇವೆ. ಗಾಜಿನಂಗಡಿಯವರು ಡೈಮಂಡ್ ಅನ್ನುವ ಕೊಯ್ಗತ್ತಿಯಲ್ಲಿ ಈಗ ಹೆಚ್ಚಾಗಿ ಇರುವುದು ಗಟ್ಟಿ ಲೋಹದ ಪುಟ್ಟ ಗಾಲಿ. ಅದು ಮೇಲ್ಮೈಯಲ್ಲಿ ಒಂದು ಗಾಯ ಮಾಡುತ್ತದೆ, ಅಷ್ಟೇ. ಇಕ್ಕಳದಲ್ಲಿ ಹಿಡಿದು ಬಗ್ಗಿಸಿದರೆ ಬಿರುಕು ಆ ಗಾಯದ ಗುಂಟ ಓಡುತ್ತದೆ. ಗೆರೆ ಒಂದು ಅಂಚಿನಲ್ಲಿ ಹುಟ್ಟಿ ಇನ್ನೊಂದು ಅಂಚಿನಲ್ಲೇ ಮುಗಿಯಬೇಕು, ನಡುವೆ ನಿಲ್ಲಿಸಿ ತಿರುಗಿಸುವಂತಿಲ್ಲ. ಒಳಕ್ಕೆ ಆಳವಾಗಿ ಬಾಗಿದ ತಿರುವನ್ನು ಒಂದೇ ಏಟಿಗೆ ತೆಗೆಯಲು ಹೋದರೆ ಗಾಜು ತನ್ನಿಷ್ಟದ ದಾರಿ ಹಿಡಿಯುತ್ತದೆ. ಸ್ವಲ್ಪ ಸ್ವಲ್ಪವಾಗಿ, ಕಲ್ಲಂಗಡಿ ತಿಂದಂತೆ, ಕಚ್ಚಿ ಕಚ್ಚಿ ತೆಗೆಯಬೇಕು. ಕೈಗೆ ಒತ್ತಡ ಸಿಕ್ಕಿದೆಯೋ ಇಲ್ಲವೋ ಎಂದು ತಿಳಿಯುವುದು ಕಿವಿಯಿಂದ. ‘ಚರ್ರ್’ ಎಂಬ ಒಂದೇ ಸಮನಾದ ಸದ್ದು ಬಂದರೆ ಸರಿ. ಕರಕರ ಎಂದರೆ ಒತ್ತಡ ಹೆಚ್ಚಾಯಿತು. ಸದ್ದೇ ಇಲ್ಲದಿದ್ದರೆ ಗಾಲಿ ಜಾರುತ್ತಿದೆ. ತಣ್ಣಗಿನ ಗಾಜಿಗಿಂತ ಬೆಚ್ಚಗಿನ ಗಾಜು ಹೇಳಿದ ಮಾತು ಕೇಳುತ್ತದೆ. ಬಳ್ಳಾರಿಯ ಮೇ ತಿಂಗಳಿಂದ ನನಗೆ ಆದ ಉಪಕಾರ ಇದೊಂದೇ.

ಈ ಗಾಲಿಯೂ ವಜ್ರವೂ ಇಲ್ಲದ ಕಾಲದಲ್ಲಿ ಕಾಸಿದ ಕಬ್ಬಿಣವನ್ನು ಗಾಜಿಗೆ ತಾಗಿಸಿ ಬಿರುಕು ಬಿಡಿಸುತ್ತಿದ್ದರು. ಹನ್ನೆರಡನೇ ಶತಮಾನದ ಆರಂಭದಲ್ಲಿ ಥಿಯೊಫಿಲಸ್ ಎಂಬ ಹೆಸರಿನಲ್ಲಿ ಬರೆದ ಒಬ್ಬ ಸನ್ಯಾಸಿ ಈ ವಿದ್ಯೆಯನ್ನೆಲ್ಲ ಲ್ಯಾಟಿನ್ನಿನಲ್ಲಿ ದಾಖಲಿಸಿದ್ದಾನೆ. ಅಂದರೆ ಕಲ್ಯಾಣಕ್ಕೆ ಬಸವಣ್ಣ ಬರುವುದಕ್ಕೆ ತುಸು ಮೊದಲು. ದೊಡ್ಡ ಚಿತ್ರ ಬರೆಯಲು ಆಗ ಕಾಗದವೆಲ್ಲಿ? ಹಲಗೆಗೆ ಸುಣ್ಣದ ಬಿಳಿ ಬಳಿದು, ಅದರ ಮೇಲೆ ಕಿಟಕಿಯನ್ನು ನಿಜಗಾತ್ರದಲ್ಲಿ ಬರೆದು, ಬರೆದ ಹಲಗೆಯ ಮೇಲೇ ಗಾಜು ಇಟ್ಟು ಕೊಯ್ಯುತ್ತಿದ್ದರು, ಜೋಡಿಸುತ್ತಿದ್ದರು. ಕೆಲಸ ಮುಗಿದ ಮೇಲೆ ಒರೆಸಿ ಮತ್ತೆ ಬಿಳಿ ಬಳಿ. ಸ್ಪೇನಿನ ಗಿರೋನಾದಲ್ಲಿ ಅಂಥ ಹದಿನಾಲ್ಕನೇ ಶತಮಾನದ ಹಲಗೆಗಳು ಇನ್ನೂ ಇವೆ. ನಾವು ಪಾಟಿ ಒರೆಸಿ ಬರೆದಂತೆಯೇ.

ಇನ್ನು ಬಣ್ಣ. ಇಲ್ಲಿ ಎಲ್ಲರೂ ಎಡವುವ ಒಂದು ಮಾತಿದೆ. ಕಿಟಕಿಯ ಕೆಂಪು, ನೀಲಿ, ಹಸಿರನ್ನು ಯಾರೂ ಕುಂಚದಿಂದ ಬಳಿದದ್ದಲ್ಲ. ಗಾಜು ಕುಲುಮೆಯಲ್ಲಿ ಕರಗಿದ್ದಾಗಲೇ ಬೆರೆತ ಲೋಹ ಅದು. ಕೋಬಾಲ್ಟಿನಿಂದ ನೀಲಿ, ಮ್ಯಾಂಗನೀಸಿನಿಂದ ನೇರಳೆ, ಚಿನ್ನದಿಂದ ದಾಳಿಂಬೆ ಗುಲಾಬಿ. ತಾಮ್ರ ಕುಲುಮೆಯ ಹದ ನೋಡಿಕೊಂಡು ಹಸಿರೂ ಆಗುತ್ತದೆ, ಕೆಂಪೂ ಆಗುತ್ತದೆ. ತಾಮ್ರದ ಕೆಂಪು ಎಷ್ಟು ಗಾಢವೆಂದರೆ ಪೂರ್ತಿ ದಪ್ಪಕ್ಕೂ ಅದೇ ಇದ್ದರೆ ಬೆಳಕೇ ದಾಟದೆ ಕಪ್ಪಾಗಿ ಕಾಣುತ್ತದೆ. ಅದಕ್ಕೇ ಬಿಳಿ ಗಾಜಿನ ಮೇಲೆ ಕೆಂಪಿನ ತೆಳು ಪದರ ಹೊದಿಸುತ್ತಾರೆ. ಅಂಚನ್ನು ನೋಡಿದರೆ ಗೊತ್ತಾಗುತ್ತದೆ. ಸಾದಾ ಕಿಟಕಿ ಗಾಜಿನ ಅಂಚು ಹಸಿರಾಗಿ ಕಾಣುತ್ತದಲ್ಲ, ಅದು ಮರಳಿನಲ್ಲಿ ಉಳಿದ ಕಬ್ಬಿಣದ ಅಂಶ.

ಕುಂಚ ಹಿಡಿಯುವುದು ಬೇರೆ ಕೆಲಸಕ್ಕೆ. ಮುಖದ ಗೆರೆ, ಬಟ್ಟೆಯ ಮಡಿಕೆ, ಎಲೆಯ ನರ ಬರೆಯಲು ಒಂದು ಕಂದುಗಪ್ಪು ಬಣ್ಣವಿದೆ. ನುಣ್ಣಗೆ ಅರೆದ ಗಾಜು, ಕಬ್ಬಿಣ ಅಥವಾ ತಾಮ್ರದ ಆಕ್ಸೈಡು, ಜಾಲಿ ಜಾತಿಯ ಮರದ ಅಂಟು, ನೀರು. ಕಬ್ಬಿಣದ ಆಕ್ಸೈಡ್ ಅಂದರೆ ಬಳ್ಳಾರಿಯವರಿಗೆ ವಿವರಿಸಬೇಕಿಲ್ಲ. ಸಂಡೂರಿನ ಕಡೆಯಿಂದ ಬರುವ ಲಾರಿಗಳ ಹಿಂದೆ ಬೈಕಿನಲ್ಲಿ ಹೋದವರ ಅಂಗಿ ಮೇಲೆ ಕೂರುವುದೂ ಅದೇ. ಬರೆದದ್ದನ್ನು ಸುಮಾರು 650 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರೆ ಬಣ್ಣ ಗಾಜಿಗೆ ಬೆಸೆದುಕೊಳ್ಳುತ್ತದೆ. ಈ ಬಣ್ಣದ ಕೆಲಸ ಬೆಳಕನ್ನು ತಡೆಯುವುದು. ಇಡೀ ತುಂಡಿಗೆ ತೆಳ್ಳಗೆ ಬಳಿದು, ಒಣಗಿದ ಮೇಲೆ ಕಡ್ಡಿಯಿಂದ, ಸೂಜಿಯಿಂದ, ಗಡುಸು ಕುಂಚದಿಂದ ಕೆರೆದು ತೆಗೆಯುತ್ತಾರೆ. ಕೆರೆದಲ್ಲಿ ಬೆಳಕು ಹುಟ್ಟುತ್ತದೆ.

ಇದನ್ನು ಮೊದಲ ಸಲ ಕಂಡಾಗ ನನಗೆ ನೆನಪಾದದ್ದು ತೊಗಲುಗೊಂಬೆ. ನಮ್ಮ ಸೀಮೆಯ ಕಿಳ್ಳೇಕ್ಯಾತರು ಆಡಿನ ಚರ್ಮವನ್ನು ಹದಮಾಡಿ, ಬೆಳಕು ದಾಟುವಷ್ಟು ತೆಳ್ಳಗೆ ಮಾಡಿ, ಬಣ್ಣ ಹಾಕಿ, ಉಳಿಯಿಂದ ಸಾಲು ಸಾಲು ತೂತು ಕೊರೆಯುತ್ತಾರೆ. ರಾವಣನ ಕಿರೀಟದ ಮುತ್ತುಗಳೆಲ್ಲ ಬರಿಯ ತೂತು. ಹಗಲು ಹೊತ್ತು ಪೆಟ್ಟಿಗೆಯಿಂದ ತೆಗೆದು ನೋಡಿದರೆ ಮಂಕಾದ ತೊಗಲಿನ ತುಂಡು. ಹಿಂದೆ ದೀಪವಿಟ್ಟು ಪರದೆಗೆ ಒತ್ತಿದರೆ ಹನುಮಂತ ಎದ್ದು ಬರುತ್ತಾನೆ. 2023ರಲ್ಲಿ ತೀರಿಕೊಂಡ ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಇದೇ ತೊಗಲಿನಲ್ಲಿ ರಾಮಾಯಣವನ್ನೂ ಆಡಿಸಿದರು, ಸ್ವಾತಂತ್ರ್ಯ ಹೋರಾಟವನ್ನೂ ಆಡಿಸಿದರು. ಚರ್ಚಿನ ಕಿಟಕಿಗೂ ಹಗಲು ಹೊರಗಿನಿಂದ ನೋಡಿದರೆ ಇದೇ ಗತಿ. ಕರ್ರಗಿನ ಬಲೆ, ಮತ್ತೇನೂ ಇಲ್ಲ. ಹಿಂದಿನ ಬೆಳಕನ್ನು ನಂಬಿ ಚಿತ್ರ ಬರೆಯುವುದನ್ನು ನಾವು ಹೊರಗಿನವರಿಂದ ಕಲಿಯಬೇಕಿರಲಿಲ್ಲ. ನಮ್ಮದು ತೊಗಲಾಯಿತು, ಅವರದು ಗಾಜಾಯಿತು.

ಹಾಗಾದರೆ ‘ಸ್ಟೇನ್’ ಅನ್ನುವ ಹೆಸರೆಲ್ಲಿಂದ ಬಂತು? ಬೆಳ್ಳಿಯಿಂದ. 1300ರ ಆಸುಪಾಸಿನಲ್ಲಿ ಯುರೋಪಿನ ಕಿಟಕಿಗಳಲ್ಲಿ ಹೊಸದೊಂದು ಹಳದಿ ಕಾಣಿಸಿಕೊಂಡಿತು. ಬೆಳ್ಳಿಯ ಲವಣವನ್ನು ಜೇಡಿಯಲ್ಲಿ ಕಲಸಿ ಗಾಜಿನ ಹಿಂಬದಿಗೆ ಬಳಿದು ಸುಟ್ಟರೆ, ಬೆಳ್ಳಿ ಗಾಜಿನೊಳಕ್ಕೇ ಇಳಿದು ನಿಂಬೆ ಬಣ್ಣದಿಂದ ಕಿತ್ತಳೆಯವರೆಗೆ ಕಲೆ ಮಾಡುತ್ತದೆ. ಮೇಲಿನ ಜೇಡಿಯನ್ನು ತೊಳೆದರೂ ಕಲೆ ಹೋಗುವುದಿಲ್ಲ. ಅದರಿಂದಾದ ಅನುಕೂಲ ದೊಡ್ಡದು. ಅಲ್ಲಿಯವರೆಗೆ ಮುಖಕ್ಕೊಂದು ಗಾಜು, ಹೊಂಗೂದಲಿಗೆ ಇನ್ನೊಂದು ಗಾಜು, ನಡುವೆ ಸೀಸ. ಈಗ ಒಂದೇ ಬಿಳಿ ತುಂಡಿನಲ್ಲಿ ಮುಖವೂ ಕೂದಲೂ ಬಂದವು.

ಎಲ್ಲ ತುಂಡು ಸಿದ್ಧವಾದ ಮೇಲೆ ಜೋಡಣೆ. ಸೀಸದ ಪಟ್ಟಿಯನ್ನು ಮೊದಲು ಎಳೆಯಬೇಕು. ಒಂದು ತುದಿಯನ್ನು ವೈಸಿನಲ್ಲಿ ಕಚ್ಚಿಸಿ, ಇನ್ನೊಂದನ್ನು ಇಕ್ಕಳದಲ್ಲಿ ಹಿಡಿದು ಜಗ್ಗಿದರೆ ಸೊಟ್ಟ ಹೋಗಿ ನೆಟ್ಟಗಾಗುತ್ತದೆ, ತುಸು ಬಿಗಿಯೂ ಆಗುತ್ತದೆ. ಹಲಗೆಯ ಮೂಲೆಯಲ್ಲಿ ಎರಡು ಪಟ್ಟಿ ಕಟ್ಟಿಗೆಯನ್ನು ಲಂಬಕೋನಕ್ಕೆ ಹೊಡೆದು, ಆ ಮೂಲೆಯಿಂದ ಶುರು ಮಾಡಬೇಕು. ಒಂದು ಗಾಜು, ಒಂದು ಸೀಸ, ಮತ್ತೊಂದು ಗಾಜು. ಜರುಗದಂತೆ ಕುದುರೆ ಲಾಳದ ಮೊಳೆ ಹೊಡೆಯುತ್ತ ಹೋಗುವುದು. ಆ ಮೊಳೆಗೆ ಒಂದು ಬದಿ ಚಪ್ಪಟೆ ಇರುವುದರಿಂದ ಗಾಜಿನ ಅಂಚು ಒಡೆಯುವುದಿಲ್ಲ. ಜಟಕಾ ಹೋದ ಮೇಲೆ ಲಾಳದ ಮೊಳೆ ಹುಡುಕುವುದೇ ಒಂದು ಕೆಲಸವಾಯಿತು. ಸೀಸ ಸಂಧಿಸಿದಲ್ಲೆಲ್ಲ ತವರ ಬೆರೆತ ಬೆಸುಗೆ. ಒಂದು ಬದಿ ಮುಗಿಸಿ, ಮಗುಚಿ, ಇನ್ನೊಂದು ಬದಿ. ಮಗುಚುವ ಆ ಹೊತ್ತು ಮನೆಯಲ್ಲಿ ಯಾರೂ ಮಾತಾಡಬಾರದು.

ಇಷ್ಟಾದರೂ ಅಲ್ಲಾಡಿಸಿದರೆ ಗಲಗಲ ಅನ್ನುತ್ತದೆ. ಚಾಕ್ ಪುಡಿ, ಅಗಸೆ ಎಣ್ಣೆ, ಒಂಚೂರು ಕಾಡಿಗೆ ಪುಡಿ ಸೇರಿಸಿ ತೆಳು ಪುಟ್ಟಿ ಕಲಸಿ, ಬ್ರಶ್ಶಿನಿಂದ ಸೀಸದ ಕೆಳಗೆ ತುರುಕಬೇಕು. ಮೇಲೆ ಒಣ ಪುಡಿ ಚೆಲ್ಲಿ ಉಜ್ಜಬೇಕು. ಕೆಲವು ದಿನ ಮುಟ್ಟದೆ ಬಿಟ್ಟರೆ ಬಿಗಿಯಾಗುತ್ತದೆ, ಮಳೆನೀರೂ ಒಳಗೆ ಬರುವುದಿಲ್ಲ. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಸೀಸ ವಿಷ. ಈ ಕೆಲಸದ ಕೈಯಲ್ಲಿ ಮಂಡಕ್ಕಿ ಮಿರ್ಚಿ ಮುಟ್ಟುವಂತಿಲ್ಲ, ಮಕ್ಕಳನ್ನು ಹತ್ತಿರ ಬಿಡುವಂತಿಲ್ಲ. ಬಳ್ಳಾರಿಯಲ್ಲಿ ಹುಟ್ಟಿದವರಿಗೆ ಸಂಜೆ ಹೊತ್ತು ಮೊದಲನೆಯದು ಕಷ್ಟವೇ.

ಕರ್ನಾಟಕದಲ್ಲಿ ಈ ವಿದ್ಯೆಯನ್ನು ದೊಡ್ಡದಾಗಿ ನೋಡಬೇಕೆಂದರೆ ಮೈಸೂರಿಗೆ ಹೋಗಬೇಕು. 1897ರಲ್ಲಿ ಅರಮನೆಯ ಮದುವೆಯೊಂದರ ಹೊತ್ತಿಗೆ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ ರೂಪಿಸಿದ ಹೊಸ ಅರಮನೆ 1912ರಲ್ಲಿ ಮುಗಿಯಿತು. ಬೆಂಕಿಯ ಪಾಠ ನೆನಪಿತ್ತೋ ಏನೋ, ಎಂಟು ಮೂಲೆಯ ಕಲ್ಯಾಣ ಮಂಟಪಕ್ಕೆ ಮರದ ಬದಲು ಎರಕದ ಕಬ್ಬಿಣ ಬಂತು. ಕಬ್ಬಿಣದ ಕೆಲಸ ಸ್ಕಾಟ್ಲೆಂಡಿನ ಗ್ಲಾಸ್ಗೋದ್ದು. ಮೇಲೆ ನವಿಲುಗಳ ಗಾಜಿನ ಗುಮ್ಮಟ. ಮದುವೆ ಚಪ್ಪರದ ಮೇಲೆ ನವಿಲುಗರಿ ಹಾಸಿದ ಹಾಗೆ.

ನನಗೆ ಅಲ್ಲಿ ಬೆರಗು ಹುಟ್ಟಿಸಿದ್ದು ಗಾಜು ನೆತ್ತಿಯ ಮೇಲಿರುವುದು. ಯುರೋಪಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿಕೊಂಡು ತಗ್ಗಿನಲ್ಲಿ ಸಾಗುತ್ತಾನೆ. ಗೋಡೆಯ ಕಿಟಕಿಯಿಂದ ಉದ್ದಕ್ಕೆ ಬಂದು ನೆಲದ ಮೇಲೆ ಬಣ್ಣ ಹಾಸುತ್ತಾನೆ. ನಮ್ಮಲ್ಲಿ? ಏಪ್ರಿಲ್ ಕೊನೆಗೆ ಬಳ್ಳಾರಿಯಲ್ಲಿ ಮಧ್ಯಾಹ್ನ ನಿಂತರೆ ನಮ್ಮ ನೆರಳು ನಮ್ಮ ಕಾಲಡಿಯೇ ಬೀಳುತ್ತದೆ. ಅಂಥ ಸೂರ್ಯ ಗೋಡೆಯ ಕಿಟಕಿಗೆ ಸಿಗುವುದು ಬೆಳಿಗ್ಗೆ ಎರಡು ತಾಸು, ಸಂಜೆ ಎರಡು ತಾಸು. ನೆತ್ತಿಯ ಸೂರ್ಯನಿಗೆ ನೆತ್ತಿಯ ಗಾಜೇ ಸರಿ. ಬೇಕೆಂದೇ ಹಾಗೆ ಮಾಡಿದರೋ, ಗುಮ್ಮಟದ ಶೋಕಿಗೆ ಮಾಡಿದರೋ, ಅಂತೂ ಈ ಅಕ್ಷಾಂಶಕ್ಕೆ ಅದರಷ್ಟು ಒಪ್ಪುವ ಕಿಟಕಿ ಇನ್ನೊಂದನ್ನು ನಾನು ನೋಡಿಲ್ಲ.

ಅದೇ ಮೈಸೂರಿನ ಸೇಂಟ್ ಫಿಲೋಮಿನಾ ಚರ್ಚಿಗೆ ನಾಲ್ವಡಿ ಕೃಷ್ಣರಾಜ ಒಡೆಯರು 1933ರಲ್ಲಿ ಅಡಿಗಲ್ಲು ಇಟ್ಟರು. ಯೇಸುವಿನ ಹುಟ್ಟು, ಕೊನೆಯ ಭೋಜನ, ಶಿಲುಬೆ, ಪುನರುತ್ಥಾನ, ಎಲ್ಲವೂ ಅಲ್ಲಿ ಗಾಜಿನಲ್ಲಿವೆ. ಅಕ್ಷರ ಬಾರದವರಿಗೆ ಕಥೆ ಹೇಳುವ ಉಪಾಯ. ಹಂಪಿಯ ಹಜಾರರಾಮ ಗುಡಿಯ ಗೋಡೆಗಳ ಮೇಲೆ ರಾಮಾಯಣ ಕೆತ್ತಿದವರಿಗೂ ಇದೇ ಉಪಾಯ ಹೊಳೆದಿತ್ತು. ಬೆಂಗಳೂರಿನ ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದ ಚಿತ್ರಗಾಜುಗಳಿಗೆ ಇನ್ನೊಂದು ಕಥೆಯಿದೆ. ಎರಡನೇ ಮಹಾಯುದ್ಧದ ಹೊತ್ತಿಗೆ ಅವನ್ನು ಬಿಚ್ಚಿ ತೆಗೆದಿಟ್ಟಿದ್ದರು, 1947ರಲ್ಲಿ ಮತ್ತೆ ಕೂರಿಸಿದರು. ಬಿಚ್ಚಿ, ಎತ್ತಿಟ್ಟು, ಮತ್ತೆ ಹಾಸುವುದು. ಕೌದಿಗೆ ಮಾತ್ರ ಸಾಧ್ಯವಾಗುವ ಕೆಲಸ.

ಹಳೆಯ ಕಿಟಕಿಯ ಗಾಜು ಕಾಲಕಳೆದಂತೆ ನಿಧಾನವಾಗಿ ಕೆಳಗೆ ಹರಿಯುತ್ತದೆ, ಅದಕ್ಕೇ ಬುಡ ದಪ್ಪ ಎಂದು ಶಾಲೆಯಲ್ಲಿ ಮೇಷ್ಟ್ರು ಹೇಳಿದ್ದರು. ಸುಳ್ಳು. ಆಗಿನ ಗಾಜು ಊದಿ ಮಾಡಿದ್ದರಿಂದ ಎಲ್ಲ ಕಡೆ ಒಂದೇ ದಪ್ಪ ಬರುತ್ತಿರಲಿಲ್ಲ, ಅಷ್ಟೇ. ಗಾಜು ನೂರಾರು ವರ್ಷ ಹಾಗೇ ಇರುತ್ತದೆ. ಜರ್ಮನಿಯ ಆಗ್ಸ್‌ಬರ್ಗ್ ಚರ್ಚಿನ ಪ್ರವಾದಿಗಳು ಸುಮಾರು ಒಂಬೈನೂರು ವರ್ಷದಿಂದ ನಿಂತಿದ್ದಾರೆ. ದಣಿಯುವುದು ಸೀಸ. ಹಗಲು ಹಿಗ್ಗಿ ರಾತ್ರಿ ಕುಗ್ಗಿ, ಬೆಸುಗೆಯ ಪಕ್ಕದಲ್ಲೇ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಪುಟ್ಟಿ ಒಣಗಿ ಉದುರುತ್ತದೆ. ಕಿಟಕಿ ಹೊಟ್ಟೆ ಉಬ್ಬಿಸಿಕೊಂಡು ನಿಲ್ಲುತ್ತದೆ. ನೂರು ವರ್ಷ, ಹೆಚ್ಚೆಂದರೆ ನೂರೈವತ್ತು, ಆಮೇಲೆ ಸೀಸ ಬದಲಿಸಲೇಬೇಕು. ಅಂದರೆ ನಮ್ಮ ನಾಡಿನ ಬ್ರಿಟಿಷ್ ಕಾಲದ, ಮಹಾರಾಜರ ಕಾಲದ ಕಿಟಕಿಗಳೆಲ್ಲ ಈಗ ಒಟ್ಟೊಟ್ಟಿಗೆ ಆ ವಯಸ್ಸಿಗೆ ಬರುತ್ತಿವೆ.

ಆ ರಿಪೇರಿ ಹೊಸದು ಮಾಡುವುದಕ್ಕಿಂತ ಕಷ್ಟ. ಮೊದಲು ಫಲಕದ ಮೇಲೆ ಕಾಗದ ಹಾಸಿ ಚಮ್ಮಾರರ ಮೇಣದಿಂದ ಉಜ್ಜಿ ಸೀಸದ ಗೆರೆಗಳ ಅಚ್ಚು ತೆಗೆಯುತ್ತಾರೆ, ನಾವು ಚಿಕ್ಕವರಿದ್ದಾಗ ನಾಣ್ಯದ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜುತ್ತಿದ್ದೆವಲ್ಲ, ಹಾಗೆ. ಪ್ರತಿ ತುಂಡಿಗೂ ನಂಬರು. ಒಂದೊಂದೇ ಬಿಡಿಸಿ, ಶುದ್ಧ ನೀರಿನ ಹತ್ತಿಯಿಂದ ಒರೆಸಿ, ಅದೇ ಜಾಗಕ್ಕೆ ಅದೇ ತುಂಡು ಕೂರಿಸಬೇಕು. ಹಳೆಯ ಬಣ್ಣ ಬಿಟ್ಟುಬಂದಿದ್ದರೆ ಒರೆಸಿದ್ದಕ್ಕೇ ಮುಖ ಅಳಿಸಿಹೋಗುತ್ತದೆ. ಅವಸರದವರ ಕೈಗೆ ಕೊಡುವ ಕೆಲಸವಲ್ಲ. ಈ ಕೈಚಳಕಕ್ಕೆ ಬೇಕಾದದ್ದು ಪ್ಯಾಟರ್ನ್ ಓದುವ ಕಣ್ಣು, ಅರ್ಧ ಮಿಲಿಮೀಟರಿನ ಲೆಕ್ಕ, ದಿನಗಟ್ಟಲೆ ಬಗ್ಗಿ ಕೂರುವ ಬೆನ್ನು. ಕೌಲ್ ಬಜಾರಿನ ಯಾವ ಓಣಿಯಲ್ಲಿ ಕೂಗಿದರೂ ಇಂಥ ಹತ್ತು ಜನ ಬಾಗಿಲಿಗೆ ಬರುತ್ತಾರೆ. ಜೀನ್ಸಿನ ಆರ್ಡರು ಇಲ್ಲದ ತಿಂಗಳಂತೂ ಇಪ್ಪತ್ತು.

ನನ್ನ ಬಳ್ಳಾರಿ ಗುಡ್ಡ ಪೂರ್ವದ ಕಿಟಕಿಯಲ್ಲಿ ಕೂತು ಎರಡು ವಾರವಾಯಿತು. ಬೆಳಿಗ್ಗೆ ಏಳೂವರೆಗೆ ಕಂದು ಬಂಡೆಗಳು ಎದುರು ಗೋಡೆಯ ಕ್ಯಾಲೆಂಡರಿನ ಮೇಲೆ ಏರುತ್ತವೆ, ಒಂಬತ್ತರ ಹೊತ್ತಿಗೆ ಜಾರಿ ನೆಲಕ್ಕಿಳಿದು ಮಾಯವಾಗುತ್ತವೆ. ಮೂಲೆಯ ಒಂದು ತುಂಡು ನಾನು ಮೊಳೆ ಹೊಡೆಯುವಾಗಲೇ ಸೀಳಿತ್ತು. ಸೀಳಿಗೂ ಒಂದು ತೆಳು ಸೀಸ ಹಾಕಿ ಮುಚ್ಚಿದೆ. ನೋಡಿದವರು ಬಂಡೆಯ ಬಿರುಕು ಅಂದುಕೊಳ್ಳುತ್ತಾರೆ.

ಮೊನ್ನೆ ಮಾಸ್ಟರ್ ಬಂದರು. ಚಹಾ ಮುಗಿಯುವವರೆಗೂ ಕಿಟಕಿಯ ಕಡೆ ನೋಡಲಿಲ್ಲ. ಹೊರಡುವಾಗ ಹತ್ತಿರ ಹೋಗಿ ಒಂದು ಗೆರೆಯ ಮೇಲೆ ಹೆಬ್ಬೆರಳು ಆಡಿಸಿ, “ಹೊಲಿಗೆ ಒಂದ್ ಕಡೆ ಸೊಟ್ಟ ಐತಿ” ಎಂದರು. ಇತ್ತು. ಆಮೇಲೆ ಕೊರಳಲ್ಲಿದ್ದ ಟೇಪು ತೆಗೆದು, ಜೇಬಿನಿಂದ ಒಂದು ಚೀಟಿ ಕೊಟ್ಟರು. ಅವರ ಕಟಿಂಗ್ ರೂಮಿನ ಬಾಗಿಲ ಮೇಲಿನ ಗವಾಕ್ಷಿಯ ಅಳತೆ, 14 ಇಂಚು, 9 ಇಂಚು.

“ನೀಲಿನೇ ಜಾಸ್ತಿ ಇರ್ಲಿ ಸರ. ಚೌಕಟ್ಟಿನ ಅಳತಿ ಇದ್ದಷ್ಟೇ ಬರ್ದೀನಿ. ಇದ್ರಾಗೂ ಕಳೀಬೇಕೇನು?”

ಸುತ್ತಲೂ ಮೂರು ಮಿಲಿಮೀಟರ್ ಎಂದೆ. ಚೀಟಿ ವಾಪಸು ಇಸಿದುಕೊಂಡು, ಕಿವಿಯ ಮೇಲಿದ್ದ ಚಾಕಿನಿಂದ ಅಲ್ಲೇ ತಿದ್ದಿದರು.